ಇಬ್ಬರಿಗೂ ಒಂದೇ ಪರೀಕ್ಷೆ

ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ ಬ್ರದರ್ ಎನ್ನುತ್ತಾರೆ. ನನ್ನ ಹೆಂಡತಿಯನ್ನು ಸಿಸ್ಟರ್ ಎನ್ನುತ್ತಿದ್ದರು. ನರ್ಸಿಂಗ್ ಓದಿದವರ ಪಾಡೇ ಅದು. ಅವಳು ಹೃದ್ರೋಗಿಗಳ ಐಸಿಯುನಲ್ಲಿದ್ದಳು, ನಾನು ಅದರ ಪಕ್ಕದ ವಾರ್ಡಿನಲ್ಲಿ. ಮದುವೆಯಾದ ಹೊಸದರಲ್ಲಿ ಬ್ರದರೂ ಸಿಸ್ಟರೂ ಒಂದೇ ಸ್ಕೂಟರಿನಲ್ಲಿ ಮನೆಗೆ ಹೋಗುವುದನ್ನು ಕಿಟಕಿಯಿಂದ ಕಂಡ ಒಬ್ಬ ಮುದುಕ ರೋಗಿ, ಕಾಲ ಕೆಟ್ಟಿತು ಎಂದು ಮಗಳ ಹತ್ತಿರ ನೊಂದುಕೊಂಡನಂತೆ. ಆ ಮಾತು ಹೇಳಿಕೊಂಡು ನಾವು ಬಹಳ ದಿನ ನಕ್ಕಿದ್ದೆವು.

ಕೆನಡಾದ ವಿಷಯ ಮೊದಲು ಎತ್ತಿದವನು ನಾನು. ನಮ್ಮ ಜೊತೆ ಓದಿದವರಲ್ಲಿ ಬಹಳ ಮಂದಿ ಆಗಲೇ ಹೊರದೇಶ ಸೇರಿದ್ದರು. ಇಲ್ಲಿ ಒಂದು ಪಾಳಿಯಲ್ಲಿ ಇಡೀ ವಾರ್ಡಿಗೆ ನಾನೊಬ್ಬನೇ. ಒಬ್ಬರಿಗೆ ಇಂಜೆಕ್ಷನ್ ಕೊಡುತ್ತಿರುವಾಗ ಇನ್ನೊಬ್ಬರ ಡ್ರಿಪ್ ಮುಗಿದಿರುತ್ತಿತ್ತು, ಮತ್ತೊಬ್ಬರ ಮನೆಯವರು ಬಾಗಿಲಲ್ಲಿ ನಿಂತು ಕೂಗುತ್ತಿರುತ್ತಿದ್ದರು. ದಿನವೂ ಏನೋ ಒಂದನ್ನು ಅರೆಬರೆ ಮಾಡಿ ಬಂದ ಭಾವನೆ ಮನೆಗೂ ಹಿಂಬಾಲಿಸುತ್ತಿತ್ತು. ಅಲ್ಲಿ ಒಬ್ಬ ನರ್ಸಿಗೆ ಕೆಲವೇ ರೋಗಿಗಳು ಎಂದು ಕೇಳಿದ್ದೆ. ಅಲ್ಲಿ ಕೆಲಸ ಮಾಡಬೇಕಾದರೆ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಇಬ್ಬರೂ ಬರೆಯುವುದು, ಮೊದಲು ಪಾಸಾದವರು ಮೊದಲು ಹೋಗುವುದು, ಉಳಿದವರು ಮಗಳನ್ನು ನೋಡಿಕೊಂಡು ಆಮೇಲೆ ಸೇರಿಕೊಳ್ಳುವುದು ಎಂದು ಮಾತಾಯಿತು. ಮಗಳಿಗೆ ಆಗ ಐದು ವರ್ಷ. ಮೊದಲು ಹೋಗುವವನು ನಾನೇ ಎಂದು ನಾನು ತಿಳಿದಿದ್ದೆ. ಹೆಂಡತಿಯೂ ಹಾಗೇ ತಿಳಿದಿದ್ದಳು ಎಂದುಕೊಂಡಿದ್ದೆ.

ಏನನ್ನು ಓದುವುದು ಎನ್ನುವಲ್ಲೇ ನಮ್ಮ ದಾರಿ ಬೇರೆಯಾಯಿತು. ನಾನು ಕಾಲೇಜಿನಿಂದಲೂ ದಪ್ಪ ಪುಸ್ತಕವನ್ನು ನಂಬಿದವನು. ಬನ್ನಿಮಂಟಪದಲ್ಲಿದ್ದ ನಮ್ಮ ಸೀನಿಯರ್ ಒಬ್ಬರು ಪರೀಕ್ಷೆಯ ಆಸೆ ಬಿಟ್ಟು, ಅಮೆರಿಕದಲ್ಲಿ ಅಚ್ಚಾದ ತಮ್ಮ ಪುಸ್ತಕವನ್ನು ನನಗೆ ಕೊಟ್ಟರು. ಎರಡು ಕೈಯಲ್ಲಿ ಎತ್ತಬೇಕು, ಅಷ್ಟು ಭಾರ. ಮೊದಲ ಅಧ್ಯಾಯಗಳಲ್ಲಿ ಅವರು ಹಳದಿ ಬಣ್ಣದಲ್ಲಿ ಗೆರೆ ಎಳೆದಿದ್ದರು, ಆಮೇಲೆ ಹಾಳೆಗಳು ಹೊಸದಾಗಿಯೇ ಇದ್ದವು. ಅದು ಸಾಲದೆಂದು ಒಂದು ಕೋಚಿಂಗ್ ಸೆಂಟರಿನ ನೋಟ್ಸನ್ನು ಗೆಳೆಯನಿಂದ ತಂದು ಅಗ್ರಹಾರದ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ಮಾಡಿಸಿ ಸ್ಪೈರಲ್ ಹಾಕಿಸಿದೆ. ಒಂದು ವಾಟ್ಸಾಪ್ ಗುಂಪಿಗೂ ಸೇರಿಕೊಂಡೆ. ಪರೀಕ್ಷೆ ಬರೆದು ಬಂದವರು ನೆನಪಿದ್ದ ಪ್ರಶ್ನೆಗಳನ್ನು ಅಲ್ಲಿ ಹಾಕುತ್ತಿದ್ದರು. ಒಂದೇ ಪ್ರಶ್ನೆಗೆ ಒಬ್ಬರು ಎರಡನೆಯದು ಸರಿ ಎಂದರೆ ಇನ್ನೊಬ್ಬರು ನಾಲ್ಕನೆಯದು ಸರಿ ಎಂದು ಜಗಳವಾಡುತ್ತಿದ್ದರು.

ಹೆಂಡತಿ ಇದ್ಯಾವುದನ್ನೂ ಮುಟ್ಟಲಿಲ್ಲ. ಫೋನಿನಲ್ಲಿ ಸಿಗುವ ಒಂದು ಪ್ರಶ್ನೆಬ್ಯಾಂಕಿಗೆ ಚಂದಾ ಕಟ್ಟಿದಳು, ಅಷ್ಟೇ. ಉತ್ತರ ಸರಿಯಾದರೂ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ಉಳಿದ ಮೂರು ಉತ್ತರಗಳು ಯಾಕೆ ತಪ್ಪು ಎಂಬ ವಿವರಣೆಯನ್ನು ಪೂರ್ತಿ ಓದುತ್ತಿದ್ದಳು. ಹೀಗೆ ಆಮೆಯಂತೆ ಓದಿದರೆ ಯಾವ ಕಾಲಕ್ಕೆ ಮುಗಿಯುತ್ತದೆ ಎಂದು ನಾನು ಕೇಳಿದ್ದಕ್ಕೆ, ಮುಗಿಸುವುದಕ್ಕೆ ಅದೇನು ಊಟವೇ ಎಂದಳು.

ದಟ್ಟಗಳ್ಳಿಯ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಅವ್ವ ಟಿವಿ ನೋಡುತ್ತಿದ್ದರು, ಮಗಳು ಅವರ ಮಡಿಲಲ್ಲಿ. ಹಾಗಾಗಿ ನಮ್ಮ ಓದು ಅಡುಗೆಮನೆಯಲ್ಲಿ. ಅವಳು ಒಲೆಯ ಮುಂದೆ ನಿಂತು ರೊಟ್ಟಿ ತಟ್ಟುತ್ತಿದ್ದಳು, ನಾನು ಸ್ಟೂಲಿನ ಮೇಲೆ ಕೂತು ಅವಳ ಫೋನಿನಿಂದ ಪ್ರಶ್ನೆಗಳನ್ನು ಓದುತ್ತಿದ್ದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದ ನನಗೆ ಆ ಇಂಗ್ಲಿಷಿನ ಉದ್ದುದ್ದ ವಾಕ್ಯಗಳು ಎರಡು ಸಲ ಓದಿದ ಮೇಲೇ ಹಿಡಿತಕ್ಕೆ ಬರುತ್ತಿದ್ದದ್ದು. ಅಷ್ಟರಲ್ಲಿ ಅವಳು ತಿರುಗಿಯೂ ನೋಡದೆ “ಮೂರನೇದು” ಎಂದಿರುತ್ತಿದ್ದಳು. ಕೆಲವು ಔಷಧಿಗಳ ಜೊತೆ ಗ್ರೇಪ್‌ಫ್ರೂಟ್ ರಸ ಕುಡಿಯಬಾರದು ಎಂದು ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಅದನ್ನು ನಾನು ದ್ರಾಕ್ಷಿ ಎಂದೇ ತಿಳಿದಿದ್ದೆ. ಅದು ನಮ್ಮ ಚಕ್ಕೋತದ ಜಾತಿ ಎಂದು ಅವಳು ಹೇಳಿಕೊಟ್ಟಳು. ನಕ್ಕೆ. ಆದರೆ ಒಳಗೆ ಚುಚ್ಚಿತು.

ನನ್ನನ್ನು ಹೆಚ್ಚು ಕಾಡಿದ್ದು ಔಷಧಿಗಳ ಪ್ರಶ್ನೆಗಳಲ್ಲ. ರೋಗಿ ಹೀಗೆ ಹೇಳುತ್ತಾನೆ, ನರ್ಸ್ ಏನು ಉತ್ತರ ಕೊಡಬೇಕು ಎಂಬ ಪ್ರಶ್ನೆಗಳು. ನಾಳೆ ಆಪರೇಷನ್, ಭಯವಾಗುತ್ತಿದೆ ಎಂದು ರೋಗಿ ಅನ್ನುತ್ತಾನೆ. “ಏನೂ ಆಗಲ್ಲ, ಹೆದರಬೇಡಿ” ಎನ್ನುವ ಉತ್ತರ ಅಲ್ಲಿ ಯಾವಾಗಲೂ ತಪ್ಪು. ನಿಮಗೆ ಯಾವುದರ ಭಯ, ಸ್ವಲ್ಪ ಹೇಳಿ ಎಂದು ಕೇಳುವುದು ಸರಿ. ಕೆಲಸಕ್ಕೆ ಸೇರಿದಂದಿನಿಂದ ನಾನು ವಾರ್ಡಿನಲ್ಲಿ ದಿನಕ್ಕೆ ಎಷ್ಟು ಸಲ “ಏನೂ ಆಗಲ್ಲ ಕಣಮ್ಮ” ಎಂದಿದ್ದೇನೋ. ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದದ್ದೇ ಆ ಮಾತಿಗೆ.

ಒಂದು ದಿನ ಸರಿ ಉತ್ತರವನ್ನು ಪ್ರಯೋಗಿಸಿ ನೋಡಿದೆ. ತಿ. ನರಸೀಪುರದ ಕಡೆಯ ಒಬ್ಬ ಹೆಂಗಸು, ಗಂಡನಿಗೆ ಮಾರನೆಯ ದಿನ ಬೈಪಾಸ್ ಆಪರೇಷನ್ ಇತ್ತು. ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು, ಏನೂ ತೊಂದರೆ ಇಲ್ಲ ಅಲ್ಲವಾ ಎಂದು ಕೇಳಿದಳು. ಪುಸ್ತಕದಲ್ಲಿದ್ದಂತೆ ನಾನು ಅವಳ ಎದುರು ನಿಂತು, ನಿಮ್ಮ ಮನಸ್ಸಿನಲ್ಲಿ ಏನು ಭಯ ಇದೆ ಹೇಳಿ ಎಂದೆ. ಅವಳ ಮುಖ ಬಿಳಚಿಕೊಂಡಿತು.

“ಯಾಕ್ ಬ್ರದರ್ ಅಂಗ್ ಕೇಳ್ತೀರಾ? ಡಾಕ್ಟ್ರು ಏನಾರ ಅಂದ್ರಾ?”

ಇಲ್ಲಮ್ಮ, ಸುಮ್ಮನೆ ಕೇಳಿದೆ ಎಂದೆ. ಅವಳು ನಂಬಲಿಲ್ಲ. ಏನೋ ಮುಚ್ಚಿಡುತ್ತಿದ್ದಾರೆ ಎಂದು ಗೋಡೆಗೆ ಒರಗಿ ಅಳತೊಡಗಿದಳು. ನಾಲ್ಕು ಜನ ಸೇರಿದರು. ನನಗೆ ಏನು ಮಾಡಬೇಕೋ ತೋಚದೆ ಐಸಿಯುಗೆ ಹೋಗಿ ಹೆಂಡತಿಯನ್ನು ಕರೆದೆ. ಅವಳು ಬಂದು ಆ ಹೆಂಗಸಿನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. ಮೊದಲು ಊಟ ಮಾಡಿದಿರಾ ಎಂದು ಕೇಳಿದಳು. ಆಮೇಲೆ ಜೊತೆಗೆ ಯಾರು ಬಂದಿದ್ದಾರೆ ಎಂದು ಕೇಳಿದಳು. ಮೈದುನನಿಗೆ ಹೇಳದೆ ಆಪರೇಷನ್ನಿಗೆ ಒಪ್ಪಿ ಸಹಿ ಹಾಕಿಬಿಟ್ಟಿದ್ದಾಳಂತೆ, ಏನಾದರೂ ಹೆಚ್ಚುಕಡಿಮೆಯಾದರೆ ಊರಿನವರೆಲ್ಲ ತನ್ನನ್ನೇ ಅನ್ನುತ್ತಾರೆ ಎಂಬುದು ಅವಳ ಭಯ. ಹೆಂಡತಿ ಅವಳ ಕೈಯಲ್ಲೇ ಮೈದುನನಿಗೆ ಫೋನ್ ಮಾಡಿಸಿದಳು. ಪರೀಕ್ಷೆ ಕೇಳುವುದನ್ನೇ ಅವಳು ಮಾಡಿದ್ದಳು. ಪರೀಕ್ಷೆಯ ನೆನಪು ಅವಳಿಗಿತ್ತೋ ಇಲ್ಲವೋ. ಅವಳು ಪಾಸಾಗುತ್ತಾಳೆ ಎಂದು ನನಗೆ ಗೊತ್ತಾದದ್ದು ಆವತ್ತು. ಆವತ್ತಿನಿಂದ ಪುಸ್ತಕ ತೆರೆದರೆ ಅಕ್ಷರ ತಲೆಗೆ ಹತ್ತದಂತಾಯಿತು.

ನಾವು ಒಂದೇ ತರಗತಿಯಲ್ಲಿ ಓದಿದವರು. ಅವ್ವ ಎದುರಿಗಿದ್ದರೆ ಹೆಂಡತಿ ನನ್ನನ್ನು ನೀವು ಎನ್ನುತ್ತಾಳೆ, ಇಬ್ಬರೇ ಇದ್ದರೆ ನೀನು. ಪರೀಕ್ಷೆಗೆ ಹೆಸರು ಕೊಟ್ಟ ದಿನ ಸಂಜೆ ಸೊಪ್ಪು ಬಿಡಿಸುತ್ತಾ, “ನಾನು ಪಾಸಾಗಿ ನೀನು ಆಗ್ಲಿಲ್ಲ ಅಂದ್ರೆ?” ಎಂದು ಕೇಳಿದಳು.

“ಏನೂ ಆಗಲ್ಲ ಬುಡು,” ಎಂದೆ.

ಅವಳು ಸೊಪ್ಪಿನಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ಮತ್ತೆ ಸೊಪ್ಪು ಬಿಡಿಸತೊಡಗಿದಳು. ನಾನು ಬೇರೆ ಉತ್ತರ ಹುಡುಕಲಿಲ್ಲ.

ಅವ್ವನಿಗೆ ಈ ಒಪ್ಪಂದ ಹಿಡಿಸಿರಲಿಲ್ಲ. ಗಂಡಸು ಮೊದಲು ಹೋಗಿ ನೆಲೆ ಮಾಡಿಕೊಳ್ಳಬೇಕು, ಹೆಂಗಸು ಕೂಸನ್ನು ಬಿಟ್ಟು ಹೋಗುವುದು ಎಲ್ಲಾದರೂ ಉಂಟೇ ಎಂದು ನನ್ನೊಬ್ಬನಿಗೇ ಹೇಳುತ್ತಿದ್ದರು. ಹೆಂಡತಿಗೆ ಕೇಳಿಸುತ್ತಿತ್ತು. ಅವಳು ಗಂಟೆಗಟ್ಟಲೆ ಓದುವುದು ಕಂಡಾಗ ಅವ್ವ ಮಗುವನ್ನು ಎತ್ತಿಕೊಂಡು ಬಂದು ಅವಳ ಪಕ್ಕ ಇಳಿಸಿ ಹೋಗುತ್ತಿದ್ದರು. ಹೆಂಡತಿ ಒಂದು ಕೈಯಲ್ಲಿ ಮಗುವಿನ ತಲೆ ಸವರುತ್ತಾ ಇನ್ನೊಂದು ಕೈಯಲ್ಲಿ ಫೋನ್ ಹಿಡಿದಿರುತ್ತಿದ್ದಳು.

ಪರೀಕ್ಷಾ ಕೇಂದ್ರ ಬೆಂಗಳೂರಿನಲ್ಲಿ. ಇಬ್ಬರಿಗೂ ಒಂದೇ ದಿನ, ಒಂದೇ ಕೋಣೆ ಸಿಕ್ಕಿತು. ಬೆಳಗಿನ ರೈಲಿನಲ್ಲಿ ಹೋದೆವು. ಆ ಪರೀಕ್ಷೆಗೆ ಹೆಚ್ಚೆಂದರೆ ಇಷ್ಟು ಎಂಬ ಮಿತಿಯಿದೆ, ಆದರೆ ಎಲ್ಲರಿಗೂ ಇಷ್ಟೇ ಪ್ರಶ್ನೆ ಎಂದಿಲ್ಲ. ಉತ್ತರ ನೋಡಿಕೊಂಡು ಕಂಪ್ಯೂಟರು ಮುಂದಿನ ಪ್ರಶ್ನೆ ಆರಿಸುತ್ತದೆ. ಅಭ್ಯರ್ಥಿ ಎಂಥವನು ಎಂದು ಅದಕ್ಕೆ ಖಾತ್ರಿಯಾದ ಕೂಡಲೇ ನಿಂತುಬಿಡುತ್ತದೆ. ಬೇಗ ನಿಂತರೆ ಚೆನ್ನಾಗಿ ಪಾಸಾಗಿರಬಹುದು, ಇಲ್ಲವೇ ಚೆನ್ನಾಗಿ ಫೇಲಾಗಿರಬಹುದು. ನಾನು ಒಂದು ಪ್ರಶ್ನೆಯಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿದ್ದಾಗ ಪಕ್ಕದ ಸಾಲಿನಲ್ಲಿ ಅವಳು ಕೈ ಎತ್ತಿದಳು. ಮೇಲ್ವಿಚಾರಕಿ ಬಂದು ಕರೆದುಕೊಂಡು ಹೋದರು. ನನ್ನ ಪ್ರಶ್ನೆಗಳು ಬರುತ್ತಲೇ ಇದ್ದವು. ಅವಳಿಗಾಗಿ ಹೆದರಬೇಕೋ ನನಗಾಗಿಯೋ ತಿಳಿಯಲಿಲ್ಲ. ಅವಳ ಖಾಲಿ ಕುರ್ಚಿಯ ಕಡೆಗೇ ಕಣ್ಣು ಹೋಗುತ್ತಿತ್ತು. ಕಡೆಯ ಪ್ರಶ್ನೆಯವರೆಗೂ ಆ ಯಂತ್ರ ನನ್ನನ್ನು ಬಿಡಲಿಲ್ಲ. ಹೊರಗೆ ಬಂದಾಗ ಅವಳು ಮೆಟ್ಟಿಲ ಮೇಲೆ ಕೂತು ಇಡ್ಲಿಯ ಪೊಟ್ಟಣ ಹಿಡಿದು ನನಗಾಗಿ ಕಾಯುತ್ತಿದ್ದಳು. ತಾನೂ ತಿಂದಿರಲಿಲ್ಲ.

ಫಲಿತಾಂಶ ಬಂದಾಗ ಇಬ್ಬರೂ ಡ್ಯೂಟಿಯಲ್ಲಿದ್ದೆವು. ಅವಳು ಪಾಸು. ನಾನು ಫೇಲು. ನನಗೆ ಬಂದ ವರದಿಯಲ್ಲಿ ಯಾವ ವಿಭಾಗದಲ್ಲಿ ಎಷ್ಟು ಕಡಿಮೆ ಎಂದೂ ಬರೆದಿತ್ತು. ಔಷಧಿ, ಶಸ್ತ್ರಚಿಕಿತ್ಸೆ, ಸೋಂಕು ತಡೆಯಲ್ಲೆಲ್ಲ ನಾನು ಪಾಸಾಗುವ ಮಟ್ಟದ ಹತ್ತಿರದಲ್ಲಿದ್ದೆ. ರೋಗಿಯ ಮನಸ್ಸಿಗೆ ಸಂಬಂಧಿಸಿದ ಭಾಗದಲ್ಲಿ ಮಟ್ಟಕ್ಕಿಂತ ಕೆಳಗೆ. ವಾರ್ಡಿನಲ್ಲಿ ಅಷ್ಟು ವರ್ಷ ಸವೆಸಿದವನಿಗೆ ದೂರದ ಒಂದು ಕಂಪ್ಯೂಟರು ಹೀಗೆ ಹೇಳಿತಲ್ಲಾ ಎಂದು ಅವಮಾನವಾಯಿತು. ಆ ಸಂಜೆ ರೋಗಿಗಳ ಮುಖ ನೋಡಿ ಮಾತಾಡುವುದಕ್ಕೂ ಹಿಂಜರಿದೆ.

ಮುಂದಿನ ಕೆಲಸಗಳನ್ನು ಹೆಂಡತಿ ಶುರುಮಾಡಲೇ ಇಲ್ಲ. ಕಾಲೇಜಿನಿಂದ ಕೆನಡಾಕ್ಕೆ ಅಂಕಪಟ್ಟಿ ಕಳಿಸಬೇಕು, ನರ್ಸಿಂಗ್ ಕೌನ್ಸಿಲ್ಲಿನಿಂದ ದೃಢೀಕರಣ ಆಗಬೇಕು, ಎಲ್ಲವೂ ಹಾಗೇ ಬಿದ್ದಿತ್ತು. ನೀನು ಎರಡನೆಯ ಸಲ ಬರೆಯುವವರೆಗೆ ಕಾಯುತ್ತೇನೆ ಎಂದಳು. ಆ ಕರುಣೆ ನನಗೆ ಸಹಿಸಲಾಗಲಿಲ್ಲ. ನನಗೋಸ್ಕರ ಯಾರೂ ನಿಲ್ಲಬೇಕಾಗಿಲ್ಲ ಎಂದು ಒರಟಾಗಿ ಅಂದುಬಿಟ್ಟೆ. ಮನೆಯಲ್ಲಿ ನಾವಿಬ್ಬರೇ ಇದ್ದೆವು. ಆದರೂ ಅವಳು ಬಹುವಚನಕ್ಕೆ ಹೋದಳು.

“ನೀವು ಸೋತಿದ್ದು ಪರೀಕ್ಷೇಲಿ. ನನ್ನತ್ರ ಅಲ್ಲ. ಅದು ನಿಮಗೆ ಅರ್ಥ ಆಗೋವರ್ಗೂ ನಾನು ಹೋಗಲ್ಲ.”

ಆ ‘ನೀವು’ ವಾರಗಟ್ಟಲೆ ಹಾಗೇ ನಡೆಯಿತು. ಊಟಕ್ಕೆ ಬನ್ನಿ, ಮಗೂಗೆ ಹಾಲು ಕೊಡಿ. ಅಷ್ಟೇ ಮಾತು. ಎರಡನೆಯ ಸಲಕ್ಕೆ ನಾನು ದಪ್ಪ ಪುಸ್ತಕವನ್ನೂ ಸ್ಪೈರಲ್ ನೋಟ್ಸನ್ನೂ ಅಟ್ಟಕ್ಕೆ ಹಾಕಿ ಅವಳ ಪ್ರಶ್ನೆಬ್ಯಾಂಕನ್ನೇ ಹಿಡಿದೆ. ಒಬ್ಬನೇ ಓದಿದೆ, ಒಬ್ಬನೇ ಬೆಂಗಳೂರಿಗೆ ಹೋದೆ. ಮತ್ತೆ ಫೇಲಾದೆ, ಈ ಸಲ ಸ್ವಲ್ಪದರಲ್ಲಿ. ವಿಷಯ ಹೇಳಿದಾಗ ಅವಳು ತಟ್ಟೆ ತೊಳೆಯುತ್ತಿದ್ದಳು. ಒದ್ದೆ ಕೈಯಲ್ಲೇ ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. “ಏನನ್ಸುತ್ತೆ ನಿಂಗೆ?” ಎಂದಳು. ನನಗೆ ಅಳು ಬಂತು. ನೀನು ದೂರ ಹೋದ ಮೇಲೆ ನಾನು ಬೇಡದವನಾಗುತ್ತೇನೆ ಎಂದು ಭಯವಾಗುತ್ತದೆ ಎಂದೆ. ತನಗೂ ಭಯವಿದೆ, ಮಗಳು ತನ್ನನ್ನು ಮರೆತುಬಿಟ್ಟರೆ ಏನು ಗತಿ ಎಂದಳು. ಇಬ್ಬರೂ ಸಮಾಧಾನದ ಮಾತು ಹೇಳಿಕೊಳ್ಳಲಿಲ್ಲ. ಮಾರನೆಯ ದಿನ ನಾನೇ ರಜೆ ಹಾಕಿ ಅವಳ ಅಂಕಪಟ್ಟಿಗಾಗಿ ಕಾಲೇಜಿಗೆ ಹೋದೆ.

ಕಾಗದಪತ್ರಗಳಿಗೆ ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಅವ್ವ ನಿಧಾನವಾಗಿ ಬದಲಾದರು. ಅವ್ವನಿಗೆ ಸಕ್ಕರೆ ಕಾಯಿಲೆ. ಕಾಲಿನಲ್ಲಿ ಹುಣ್ಣಾದಾಗ ಹೆಂಡತಿ ದಿನವೂ ಡ್ಯೂಟಿಯಿಂದ ಬಂದು ಬಟ್ಟೆ ಬದಲಿಸುವ ಮೊದಲೇ ಡ್ರೆಸಿಂಗ್ ಮಾಡುತ್ತಿದ್ದಳು. ಆ ಹೊತ್ತಿನಲ್ಲಿ ಅತ್ತೆ ಸೊಸೆ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ವೀಸಾ ಬಂದ ದಿನ ಅವ್ವ ಅವಳನ್ನು ಹತ್ತಿರ ಕೂರಿಸಿಕೊಂಡು, “ಹೋಗ್ಬುಟ್ಟು ಬಾ ಕಣವ್ವ. ಕೂಸ್ ನಂದು,” ಎಂದರು. ಹೆಂಡತಿ ಅವರ ಮಂಡಿಯ ಮೇಲೆ ತಲೆಯಿಟ್ಟು ಅತ್ತಳು.

ಅವಳು ಹೋಗಿ ಈಗ ಎಂಟು ತಿಂಗಳು. ಕಳೆದ ತಿಂಗಳು ಮಗಳಿಗೆ ಜ್ವರ ಬಂದು ಮೂರು ದಿನ ಇಳಿಯಲಿಲ್ಲ. ನಾನು ರಜೆ ಹಾಕಿ ಮನೆಯಲ್ಲೇ ಉಳಿದೆ. ಹೆಂಡತಿ ವಿಡಿಯೋದಲ್ಲಿ ಕರೆ ಮಾಡಿ ಜ್ವರ ಎಷ್ಟು, ನೀರು ಕುಡಿದಳಾ, ಮೂತ್ರ ಎಷ್ಟು ಸಲ ಮಾಡಿದಳು, ಮೈಮೇಲೆ ಗುಳ್ಳೆ ಎದ್ದಿದೆಯಾ ಎಂದು ಒಂದೊಂದನ್ನೇ ಕೇಳಿದಳು, ಪಾಳಿ ಬದಲಾಗುವಾಗ ರೋಗಿಯನ್ನು ವಹಿಸಿಕೊಳ್ಳುವ ಹಾಗೆ. ನಾನೂ ಹಾಗೇ ಉತ್ತರ ಕೊಟ್ಟೆ. ಕೇಳುವುದೆಲ್ಲ ಮುಗಿದ ಮೇಲೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು. ನಾನು ಫೋನನ್ನು ಮಗಳ ದಿಂಬಿನ ಪಕ್ಕದಲ್ಲಿ, ಮಲಗಿದ್ದ ಮಗಳ ಮುಖ ಅವಳಿಗೆ ಕಾಣುವ ಹಾಗೆ ಒರಗಿಸಿ ಇಟ್ಟು, ಗಂಜಿ ಬಿಸಿ ಮಾಡಲು ಎದ್ದೆ. ಅವಳು ಡ್ಯೂಟಿಗೆ ಹೊರಡುವ ಹೊತ್ತಾಗುವವರೆಗೂ ಕರೆ ಹಾಗೇ ಇತ್ತು.

ನಾಲ್ಕನೆಯ ದಿನ ಜ್ವರ ಬಿಟ್ಟಿತು. ಮೂರನೆಯ ಸಲ ಪರೀಕ್ಷೆ ಬರೆಯಲು ನಾನು ಇನ್ನೂ ದಿನ ಗೊತ್ತುಮಾಡಿಲ್ಲ.