ಮನೆಯ ತುಂಬ ಒಂದು ಸೈಕಲ್ಲು

ಒಂದು ಸೈಕಲ್ಲಿನೊಳಗೆ ಒಂದು ಸಂಸಾರಕ್ಕೆ ಬೇಕಾದ ಸಾಮಾನೆಲ್ಲ ಇರುತ್ತದೆ ಎಂದು ನನಗೆ ಗೊತ್ತಾದದ್ದು, ಅದನ್ನು ಬಚ್ಚಿಡಬೇಕಾಗಿ ಬಂದಾಗ. ಅಲ್ಲಿಯವರೆಗೆ ಸೈಕಲ್ಲೆಂದರೆ ಎರಡು ಚಕ್ರ, ಒಂದು ಗಂಟೆ, ಮೇಲೆ ಕೂತ ನಮ್ಮಣ್ಣ, ಇಷ್ಟೇ ಎಂದುಕೊಂಡಿದ್ದೆ.

ಅಣ್ಣ ಹುತ್ತೂರಿನ ಸುತ್ತಲ ಹಳ್ಳಿಗಳಿಗೆ ಹೋಗಿ ಮಕ್ಕಳಿಗೆ ದೇವಿ ಹಾಕುವ ಕೆಲಸದಲ್ಲಿದ್ದ. ಸಿಡುಬು ಬಾರದಿರಲೆಂದು ತೋಳಿನ ಮೇಲೆ ಗೀರಿ ಮದ್ದು ಹಚ್ಚುವುದನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ಅವನ ಸೈಕಲ್ಲಿನ ಗಂಟೆ ಕೇಳಿಸಿದರೆ ಸಾಕು, ಬೀದಿಯ ಮಕ್ಕಳೆಲ್ಲ ಕಣಜದ ಹಿಂದೆ, ಹುಲ್ಲಿನ ಮೆದೆಯ ಹಿಂದೆ ಮಾಯವಾಗುತ್ತಿದ್ದವು. ಊರೂರಿನ ಸಿಡುಬಿಗೆ ಹೆದರದ ಮನುಷ್ಯ, ಮನೆಯಲ್ಲಿ ಮಲಗಿ, ಹೆಸರು ಗೊತ್ತಿಲ್ಲದ ಒಂದು ಜ್ವರಕ್ಕೆ ಹೋಗಿಬಿಟ್ಟ.

ನನಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಅಣ್ಣನ ಹಿಂದೆ ಕೂತು, ಎದುರಿಗೆ ಬರುವ ಎತ್ತಿನ ಗಾಡಿಗಳಿಗೆಲ್ಲ ಅವನ ಪರವಾಗಿ ಹೆದರುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು. ನಮ್ಮಮ್ಮ ಹೆತ್ತ ಇಬ್ಬರಲ್ಲಿ ಧೈರ್ಯವೆಲ್ಲ ಅವನಿಗೆ ಹೋಗಿ, ದಿಗಿಲೆಲ್ಲ ನನಗೆ ಬಂದಿತ್ತು. ಪಾಲು ಮಾಡಿದವರು ಯಾರೋ, ಚೆನ್ನಾಗಿ ಯೋಚಿಸಿ ಮಾಡಲಿಲ್ಲ.

ಅಣ್ಣ ಹೋದ ಮೇಲೆ ಸೈಕಲ್ಲು ಜಗಲಿಯ ಗೋಡೆಗೆ ಒರಗಿ ನಿಂತಿತು. ಅಮ್ಮ ಗೋಳೋ ಎಂದು ಅಳುತ್ತಿದ್ದಳು, ಅತ್ತಿಗೆ ಅಳುವುದನ್ನೂ ಮಾತನ್ನೂ ಒಟ್ಟಿಗೆ ನಿಲ್ಲಿಸಿದ್ದರು. ನಾನು ಬೆಳಗಾದರೆ ಒಂದು ಬಟ್ಟೆ ತೆಗೆದುಕೊಂಡು ಸೈಕಲ್ ಒರೆಸುತ್ತಿದ್ದೆ. ಅದು ನಿಂತಿರುವಷ್ಟು ದಿನ ಅಣ್ಣ ಪೂರ್ತಿ ಹೋಗಿಲ್ಲ ಎಂದು ನನ್ನೊಳಗೆ ಹೇಗೋ ಸೇರಿಕೊಂಡಿತ್ತು. ಬುದ್ಧಿ ಇದನ್ನು ಒಪ್ಪುವುದಿಲ್ಲ. ಆದರೆ ಬುದ್ಧಿಯನ್ನು ಕೇಳಿ ಯಾರು ದುಃಖಪಡುತ್ತಾರೆ?

ಆಗ ಯುದ್ಧ ನಡೆಯುತ್ತಿತ್ತು. ಸೀಮೆಎಣ್ಣೆ ಇಲ್ಲ, ಟೈರು ಇಲ್ಲ, ಟ್ಯೂಬು ಇಲ್ಲ. ಇದ್ದದ್ದು ಸುದ್ದಿ ಮಾತ್ರ. ಮಾಲೂರಿನಿಂದ ಬಂದ ಹುಣಸೆಹಣ್ಣಿನ ವ್ಯಾಪಾರಿಯೊಬ್ಬ ನಮ್ಮ ಜಗಲಿಯ ಮೇಲೆ ಕೂತು ನೀರು ಕುಡಿದು, ಸೈಕಲ್ಲನ್ನು ನೋಡಿ ಹೇಳಿದ: “ಇದ್ನ ಹಿಂಗೆ ಹೊರಗಿಟ್ಟಿದ್ದೀರಲ್ಲಮ್ಮಾ! ಯುದ್ಧಕ್ಕೆ ಕಬ್ಬಿಣ ಸಾಲ್ದಂತೆ. ಸರ್ಕಾರದೋರು ಸೈಕಲ್ ಕಂಡ್ ಕಂಡಲ್ಲಿ ಎಳ್ಕೊಂಡ್ ಹೋಗ್ತಾವ್ರಂತೆ.”

ಅವನು ಹೋದದ್ದೇ ತಡ, ಅಮ್ಮ ಬಾಗಿಲು ಹಾಕಿದಳು.

“ಲೇ ಸೀನ, ಅದ್ನ ಬಿಚ್ಚಾಕ್ಬಿಡ್ಲಾ. ಬಿಚ್ಚಿದ್ ಮ್ಯಾಲೆ ಅದ್ನ ಸೈಕಲ್ ಅಂತ ಯಾವನು ಅಂತಾನೆ?”

“ಆಮೇಲೆ ಜೋಡ್ಸೋರು ಯಾರಮ್ಮಾ?”

“ಯುದ್ಧ ಮುಗೀಲಿ, ನೋಡಾನ. ಈಗ ನನ್ ಮಗನ್ ಸೈಕಲ್ ನಮ್ಮನೇಲೇ ಇರ್ಬೇಕು ಅಷ್ಟೆ.”

ಬಿಚ್ಚಿದವನು ನಾನೇ. ಅಣ್ಣನದೇ ಪಾನಾ ಹಿಡಿದು ಒಂದೊಂದೇ ನಟ್ಟು ಸಡಿಲಿಸಿದೆ. ನಟ್ಟು ಬೋಲ್ಟುಗಳನ್ನೆಲ್ಲ ಒಂದು ಕುಡಿಕೆಯಲ್ಲಿ ಹಾಕಿ, ತುಕ್ಕು ಹಿಡಿಯದಿರಲೆಂದು ಹರಳೆಣ್ಣೆ ಹೊಯ್ದು, ನನ್ನ ತಲೆದೆಸೆಯಲ್ಲಿಟ್ಟುಕೊಂಡೆ. ಇವು ನನ್ನ ಕೈಲಿರುವ ತನಕ ಸೈಕಲ್ಲು ಎಲ್ಲಿ ಚದುರಿದರೂ ಮತ್ತೆ ಕೂಡಿಸಬಹುದು ಎಂಬುದು ನನ್ನ ಲೆಕ್ಕ.

ಬಚ್ಚಿಡುವುದೆಂದರೆ ಅಟ್ಟಕ್ಕೆ ಎಸೆಯುವುದು ಎಂದು ನಾನು ತಿಳಿದಿದ್ದೆ. ಅಮ್ಮನ ದಾರಿ ಬೇರೆ. ಅಟ್ಟದಲ್ಲಿರುವುದನ್ನು ಹುಡುಕುತ್ತಾರೆ, ಕೆಲಸದಲ್ಲಿರುವುದನ್ನು ಯಾರೂ ನೋಡುವುದಿಲ್ಲ ಎಂದಳು. ನಮ್ಮ ಹೆಂಗಸರಿಗೆ ಇದನ್ನು ಕಲಿಸಬೇಕಾಗಿಲ್ಲ. ಸೀರೆ ಹರಿದರೆ ಕೌದಿ, ಕೌದಿ ಹರಿದರೆ ಕೂಸಿನ ಬಟ್ಟೆ, ಅದೂ ಹರಿದರೆ ಮಸಿಬಟ್ಟೆ, ಕೊನೆಗೆ ದೀಪದ ಬತ್ತಿ. ಒಂದು ವಸ್ತು ನಮ್ಮ ಮನೆಗಳಲ್ಲಿ ಸಾಯಬೇಕಾದರೆ ಎಷ್ಟೋ ಜನ್ಮ ಎತ್ತಬೇಕು.

ಮುಂದಿನ ಚಕ್ರದ ಟೈರು ತೆಗೆದು, ಬರಿಯ ರಿಮ್ಮನ್ನು ಬೀದಿಯ ಬಾವಿಯ ಮೇಲೆ ರಾಟೆಯಾಗಿ ಕಟ್ಟಿಸಿದಳು. ಹಗ್ಗ ಕೂರಲು ಅದರಲ್ಲಿ ಹೇಳಿ ಮಾಡಿಸಿದಂಥ ತಗ್ಗು. ಟೈರು ಇಬ್ಬರ ಕಾಲಿಗೆ ಚಪ್ಪಲಿಯಾಯಿತು. ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಉಪ್ಪಿನಕಾಯಿ ಜಾಡಿಗಳ ಬಾಯಿಗೆ ಬಿಗಿದಳು. ಮಡ್‌ಗಾರ್ಡುಗಳು ಸೂರಿನ ಕೆಳಗೆ ನಿಂತು ಮಳೆನೀರನ್ನು ಹಂಡೆಗೆ ತರತೊಡಗಿದವು. ಚಕ್ರದಿಂದ ಬಿಚ್ಚಿದ ನಾಲ್ಕಾರು ಕಡ್ಡಿಗಳಲ್ಲಿ ಹಪ್ಪಳ ಸುಟ್ಟರು. ಚೈನು ರಾಗಿ ಕಣಜದ ಬಾಗಿಲಿಗೆ ಚಿಲಕವಾಯಿತು. ನಡುವಿನ ಚೌಕಟ್ಟನ್ನು ಹಿತ್ತಲಲ್ಲಿ ನೆಟ್ಟು ಅವರೆ ಬಳ್ಳಿ ಹಬ್ಬಿಸಿದಳು. ಸೀಟನ್ನು ಮಾತ್ರ ಅತ್ತಿಗೆ ತಮ್ಮ ಪೆಟ್ಟಿಗೆಯಲ್ಲಿಟ್ಟುಕೊಂಡರು. ಹಿಂದಿನ ಚಕ್ರವನ್ನು ಪಕ್ಕದ ಮನೆಯ ವೆಂಕಟಮ್ಮ ಕೇಳಿ ಕೊಂಡೊಯ್ದಳು. ಅವಳದು ರೇಷ್ಮೆ ನೂಲು ತೆಗೆಯುವ ಕಸುಬು. ಆ ಚಕ್ರಕ್ಕೊಂದು ಹಿಡಿ ಹಾಕಿಸಿ ತನ್ನ ಚರಕ ತಿರುಗಿಸಲು ಕಟ್ಟಿಕೊಂಡಳು.

ಗಂಟೆಯ ಬಟ್ಟಲಿನೊಳಗೆ ಒಂದು ಮೊಳೆ ಜೋತುಬಿಟ್ಟು ಕರುವಿನ ಕೊರಳಿಗೆ ಕಟ್ಟಿದ್ದು ಮಾತ್ರ ಎಡವಟ್ಟಾಯಿತು. ಕರು ಬೀದಿಗೆ ಹೋದಾಗಲೆಲ್ಲ ಮಕ್ಕಳು ಕಿರುಚಿಕೊಂಡು ಮೆದೆಯ ಹಿಂದೆ ಓಡುತ್ತಿದ್ದವು. ತಾಯಂದಿರು ತೋಳು ಹಿಡಿದು ಹೊರಗೆಳೆದು, “ಲೇ, ಕರು ಕಣೋ! ಕರು ದೇವಿ ಹಾಕ್ತದಾ?” ಎಂದು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಆ ದನಿ ಕೇಳಿದಾಗ ನಾನೂ ಒಂದು ಗಳಿಗೆ ಬಾಗಿಲ ಕಡೆ ನೋಡಿರುತ್ತಿದ್ದೆ.

ಸತ್ತವನ ದೇಹ ಪಂಚಭೂತಗಳಿಗೆ ಹೋಗುತ್ತದೆ, ಮಣ್ಣು ಮಣ್ಣಿಗೆ, ನೀರು ನೀರಿಗೆ ಎಂದು ಪುರೋಹಿತರು ಸಮಾಧಾನ ಹೇಳಿದ್ದರು. ಆಗ ಅದು ಸಮಾಧಾನವಾಗಿರಲಿಲ್ಲ. ಈಗ ಸೈಕಲ್ಲೂ ಅದೇ ದಾರಿ ಹಿಡಿದದ್ದನ್ನು ನೋಡಿ ದಿಗಿಲು ಇಮ್ಮಡಿಯಾಯಿತು. ಬೆಳಗ್ಗೆ ಎದ್ದರೆ ಒಂದು ಸುತ್ತು ಹಾಕುತ್ತಿದ್ದೆ. ರಾಟೆ ಕಳಚಿ ಬಾವಿಗೆ ಬಿದ್ದಿತೇ? ಚೌಕಟ್ಟಿಗೆ ತುಕ್ಕು ಹಿಡಿಯಿತೇ? ಕಡ್ಡಿ ಒಲೆಯಲ್ಲಿ ಬಿದ್ದು ಬಾಗಿತೇ? ಬಾವಿಯ ಹತ್ತಿರ ಹೆಂಗಸರು ನನ್ನನ್ನು ಕಂಡರೆ, “ಬಂದ ನೋಡ್ರೇ, ರಾಟೆ ಮಾವ!” ಎಂದು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು.

ಒಂದು ದಿನ ನಿಜವಾಗಿಯೂ ಸರ್ಕಾರದ ಕಡೆಯವರು ಬಂದರು. ಯುದ್ಧಕಾಲದ ರಾಗಿ ವಸೂಲಿಯ ವಿಷಯ ವಿಚಾರಿಸಲು ಬಂದ ಶೇಕ್ದಾರರು. ಒಳಗೆ ಬಂದವರೇ ಪೇಟ ತೆಗೆದು, ಗೋಡೆಗೆ ಬಡಿದಿದ್ದ ಸೈಕಲ್ಲಿನ ಹ್ಯಾಂಡಲ್ಲಿಗೇ ತಗುಲಿಹಾಕಿದರು.

“ಏನಮ್ಮಾ ಇದು? ಜಿಂಕೆ ಕೊಂಬಾ?”

“ಹೂಂ ಸ್ವಾಮಿ, ನಮ್ ಮಾವ್ನೋರ್ ಕಾಲದ್ದು,” ಎಂದಳು ಅಮ್ಮ, ಕಣ್ಣು ಮಿಟುಕಿಸದೆ.

“ಕಬ್ಬಿಣದ್ ಜಿಂಕೆ!” ಎಂದು ಅವರು ನಕ್ಕರು. ನಾನು ತಡೆಯಲಾರದೆ, ಸೈಕಲ್ಲುಗಳನ್ನು ಎಳೆದುಕೊಂಡು ಹೋಗುತ್ತಾರಂತೆ, ನಿಜವೇ ಎಂದು ಕೇಳಿಬಿಟ್ಟೆ. “ಯಾರ್ರೀ ಹೇಳಿದ್ದು? ಸರ್ಕಾರಕ್ಕೆ ನಿಮ್ ಸೈಕಲ್ ಯಾಕೆ?” ಎಂದು ಪೇಟ ಇಟ್ಟುಕೊಂಡು ಹೊರಟರು.

“ಕೇಳಿದ್ಯಲ್ಲಮ್ಮಾ? ಜೋಡ್ಸಾನ ಇನ್ನ,” ಎಂದೆ.

“ನೀನೊಬ್ಬ. ಎತ್ಕೊಂಡ್ ಹೋಗೋರು ಯಾವತ್ತಾದ್ರೂ ಹೇಳ್ಬಿಟ್ ಬರ್ತಾರೇನ್ಲಾ?”

ಹೀಗೆ ನನ್ನ ದಿಗಿಲು ಅಮ್ಮನಿಂದಲೇ ಬಂದದ್ದೆಂದು ಆವತ್ತು ಗೊತ್ತಾಯಿತು.

ಕೊನೆಗೆ ಯುದ್ಧ ಮುಗಿಯಿತು. ಕೋಲಾರದ ದಾರಿಯಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಬಾಬು ಸಾಬರು ನನ್ನನ್ನು ಕಂಡು, “ಟೈರು ಬರ್ತಾ ಅವೆ ಸೀನಪ್ಪಾ. ಎಲ್ಲಾ ಸಾಮಾನ್ ತಗೊಂಬನ್ನಿ, ನಿಮ್ಮಣ್ಣಾವ್ರ ಗಾಡಿ ಸಂಜೆಗೆಲ್ಲಾ ನಿಲ್ಲಿಸ್ಬಿಡ್ತೀನಿ,” ಎಂದರು. ನಾನು ಕಾದಿದ್ದ ಮಾತು ಇದೇ. ಅಮ್ಮನೂ ಈ ಸಲ ಬೇಡವೆನ್ನಲಿಲ್ಲ. ನಟ್ಟಿನ ಕುಡಿಕೆ ಕಂಕುಳಲ್ಲಿಟ್ಟುಕೊಂಡು ಹೊರಟೆ. ಚೈನು ಬಿಚ್ಚಿದೆ, ಹ್ಯಾಂಡಲ್ ಕಿತ್ತೆ, ಬಳ್ಳಿ ಒಣಗಿದ್ದರಿಂದ ಚೌಕಟ್ಟೂ ಸುಲಭವಾಗಿ ಬಂತು. ಬಾವಿಯ ಹೆಂಗಸರು ಮರದ ರಾಟೆ ತರುವವರೆಗೆ ಎರಡು ದಿನ ತಡೆ ಎಂದರು. ಇನ್ನು ಹಿಂದಿನ ಚಕ್ರವೊಂದು.

ವೆಂಕಟಮ್ಮನ ಹಿತ್ತಲಲ್ಲಿ ಒಲೆ ಉರಿಯುತ್ತಿತ್ತು. ಕುದಿನೀರಿನಲ್ಲಿ ರೇಷ್ಮೆ ಗೂಡುಗಳು ತೇಲುತ್ತಿದ್ದವು, ಬೆಂದ ಹುಳುವಿನ ವಾಸನೆ ಮೂಗಿಗೆ ಅಡರುತ್ತಿತ್ತು. ವೆಂಕಟಮ್ಮ ಎಳೆ ಹಿಡಿದು ಕೂಡಿಸುತ್ತಿದ್ದಳು. ಅಣ್ಣನ ಚಕ್ರವನ್ನು ತಿರುಗಿಸುತ್ತ ಕೂತಿದ್ದವರು ನಮ್ಮ ಅತ್ತಿಗೆ. ಅವರು ಕೆಲವು ತಿಂಗಳಿಂದ ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು. ಮಾಡುತ್ತಿದ್ದ ಕೆಲಸ ಇದೆಂದು ಗೊತ್ತಿರಲಿಲ್ಲ. ದಿನಾ ಸುತ್ತು ಹಾಕಿ ರಿಮ್ಮು ಕಡ್ಡಿಗಳ ಯೋಗಕ್ಷೇಮ ನೋಡುತ್ತಿದ್ದ ನಾನು, ಹೆಂಗಸರು ಕೆಲಸ ಮಾಡುವ ಜಾಗವೆಂದು ಈ ಹಿತ್ತಲೊಂದಕ್ಕೆ ಮಾತ್ರ ಬಂದಿರಲಿಲ್ಲ.

“ಏಂ ನಾಯನಾ, ಚಕ್ರಕ್ಕೆ ಬಂದ್ಯಾ?” ಎಂದಳು ತೆಲುಗು ಮನೆಮಾತಿನ ವೆಂಕಟಮ್ಮ. “ಗೂಡು ಬೆಂದವೆ. ಈಗ ನಿಲ್ಲಿಸಿದ್ರೆ ಎಳೆ ಎಲ್ಲಾ ಕಿತ್ತೋಗಿ ಗಂಜಿ ಆಗ್ತದೆ. ಒಲೆ ಮೇಲಿರೋ ಈ ಈಡು ಮುಗೀಲಿ.”

ನಾನು ನಿಂತೆ. ಅತ್ತಿಗೆ ನನ್ನನ್ನೂ ನನ್ನ ಕಂಕುಳಿನ ಕುಡಿಕೆಯನ್ನೂ ನೋಡಿದರು. “ಸುಮ್ನೆ ನಿಂತಿರೋ ಬದ್ಲು ಇಲ್ಲಿ ಹಿಡ್ಕೊ ಸೀನಪ್ಪ. ತೋಳು ಬಿದ್ದೋಗ್ತದೆ, ಒಂದ್ ಗುಟುಕು ನೀರ್ ಕುಡೀತೀನಿ,” ಎಂದು ಎದ್ದರು.

ಕುಡಿಕೆ ಕೆಳಗಿಟ್ಟು ಹಿಡಿ ಹಿಡಿದೆ. ಬೇಗ ಮುಗಿಯಲೆಂದು ರಭಸದಿಂದ ತಿರುಗಿಸಿದೆ. ಪಟ್ಟೆಂದು ಎಳೆ ತುಂಡಾಯಿತು. ವೆಂಕಟಮ್ಮ ತೆಲುಗಿನಲ್ಲಿ ನನ್ನ ವಂಶವನ್ನೆಲ್ಲ ನೆನೆದಳು. ಅತ್ತಿಗೆ ಚೊಂಬು ಕೆಳಗಿಟ್ಟು ಹೇಳಿದರು:

“ಮೆಲ್ಲಗೆ ಕಣೋ! ನಿಮ್ಮಣ್ಣ ಇಳಿಜಾರಲ್ಲಿ ಬಿಟ್ಟಂಗೆ ಬಿಡ್ಬೇಡ.”

ಹೇಳಿ, ತಾವೇ ನಕ್ಕರು. ಅಣ್ಣ ಹೋದ ಮೇಲೆ ಅವರ ಬಾಯಲ್ಲಿ ಅಣ್ಣನ ಮಾತು ನಾನು ಕೇಳಿದ್ದು ಅದೇ ಮೊದಲು. “ನಂಗೇನು ಕಮ್ಮಿ ಹೆದರ್ಸಿದಾರಾ? ಮದ್ವೆ ಆದ್ ಹೊಸದ್ರಲ್ಲಿ ಕೆರೆ ಏರಿ ಮೇಲಿಂದ ಎರಡೂ ಕೈ ಬಿಟ್ಟು...” ಎಂದು ಶುರು ಮಾಡಿದವರು, ವೆಂಕಟಮ್ಮ ಎಳೆ ಕೂಡಿಸುವವರೆಗೂ ನಿಲ್ಲಿಸಲಿಲ್ಲ. ನಾನು ಮೆಲ್ಲಗೆ ತಿರುಗಿಸುತ್ತಲೇ ಇದ್ದೆ. ಆ ಈಡು ಮುಗಿಯಿತು. ವೆಂಕಟಮ್ಮ ಕೇಳದೆಯೇ ಇನ್ನೊಂದು ಬುಟ್ಟಿ ಗೂಡು ನೀರಿಗೆ ಸುರಿದಳು. ನಾನು ಮತ್ತೆ ಹಿಡಿ ತಿರುಗಿಸಿದೆ.

ಸಂಜೆ ಬಾಬು ಸಾಬರ ಅಂಗಡಿಗೆ ಬರಿಗೈಯಲ್ಲಿ ಹೋದೆ.

“ಎಲ್ರೀ ಸಾಮಾನು?”

“ಹಿಂದಿನ ಚಕ್ರ ಸಿಗಲಿಲ್ಲ ಸಾಬ್ರೇ.”

“ಅರೆ, ಕಳೆದೋಯ್ತಾ?”

“ಇಲ್ಲ,” ಎಂದೆ. “ಕೆಲಸಕ್ಕೆ ಹೋಗಿದೆ.”