ಬಿಸಿಲಿಗೆ ಅಂಜದವರು

ಹೋದ ಬೇಸಿಗೆ ಕಲಬುರಗಿ ಶಹಾಬಜಾರದ ನಮ್ಮ ಮನೆಯಿಂದ ತವರೂರು ಕಮಲಾಪುರದ ಬಸ್ಸು ಹತ್ತಿದ್ದು ಒಂದೇ ಕಾರಣಕ್ಕೆ: ಅವ್ವ ಮೆರವಣಿಗೆಗೆ ಹೋಗದಂತೆ ತಡೆಯಬೇಕಿತ್ತು. ಹಿಂದಿನ ವರ್ಷವೇ ಆಕೆ ಬಿಸಿಲಿಗೆ ಬವಳಿ ಬಂದು ಅಂಗಳದಲ್ಲಿ ಬಿದ್ದಿದ್ದಳು. ದಾರಿಯುದ್ದಕ್ಕೂ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದೆದ್ದು ನಿಂತು ಕಂಡಕ್ಟರನಿಂದ ಬೈಸಿಕೊಂಡೆ.

ಮೆರವಣಿಗೆ ಅಣ್ಣನದೇ. ಅವನೀಗ ಪಾರ್ಟಿಯ ಊರ ಮುಖಂಡ. ನಾಯಕರ ಮುಂದೆ ತಾಯಂದಿರು ಬರಿಗಾಲಲ್ಲಿ ಕುಂಭ ಹೊತ್ತು ನಡೆಯಬೇಕಂತೆ, ಮೊದಲ ಸಾಲಿನಲ್ಲಿ ಅವನ ಹೆತ್ತವಳು. ಅವನ ಬಾಯಲ್ಲಿ ಸದಾ ಸುವರ್ಣಯುಗ: ಹೊರಗಿನವರು ತೊಲಗಿದರೆ ಸಾಕು, ಕಾಲಕಾಲಕ್ಕೆ ಮಳೆ, ತೋಟದ ತುಂಬ ನಮ್ಮೂರ ಹೆಸರಾದ ಕೆಂಪು ಬಾಳೆ. ಮಗ ಕರೆದನೆಂದು ಅವ್ವ ಹೊಸ ಇಳಕಲ್ ಸೀರೆ ಉಟ್ಟು ಕೂತಿದ್ದಳು.

"ಬಿಸಲು ವರ್ಷದಿಂದ ವರ್ಷಕ್ಕ ಹೆಚ್ಚಾಗಾಕತ್ತದ, ಅಣ್ಣಾ," ಎಂದೆ.

"ಹುಚ್ಚಿ! ಅದೆಲ್ಲಾ ಪರದೇಶದವ್ರು ಹಬ್ಬಿಸಿದ ಸುಳ್ಳು. ನಾವು ಮುಂದ ಹೋಗೋದು ಅವ್ರಿಗಿ ನೋಡಾಕ ಆಗಂಗಿಲ್ಲ. ಕಲಬುರಗಿ ಮಂದಿಗಿ ಬಿಸಲೇನ್ ಹೊಸಾದೇನು?"

ಕೊನೆಯ ಮಾತಿಗೆ ಅಲ್ಲಿ ಕೂತಿದ್ದ ಪಾರ್ಟಿಯವರೆಲ್ಲ ಸೈ ಎಂದರು. ಬೇರೆ ಊರಿನವರ ಮುಂದೆ ನಾನೂ ಅದನ್ನೇ ಹೇಳಿ ಬೀಗುವವಳು.

ಬಿರುಬಿಸಿಲಿಗೆ ಹೊರಟರೆ ಮೈಮೇಲೊಂದು ಈರುಳ್ಳಿ, ನಮ್ಮ ಮಾತಿನ ಉಳ್ಳಾಗಡ್ಡಿ, ಇರಬೇಕು, ಝಳ ಅದಕ್ಕೆ ಬಡಿಯುತ್ತದೆ, ಮನುಷ್ಯನಿಗಲ್ಲ ಎಂಬುದು ನಮ್ಮ ಮನೆಯ ನಂಬಿಕೆ. ಶಾಲೆಗೆ ಹೊರಟಾಗ ಅವ್ವನೇ ನಮ್ಮ ಪಾಟಿಚೀಲಕ್ಕೆ ಹಾಕುತ್ತಿದ್ದಳು. ಅಂದು ನಾನು ಆಕೆಯ ಸೆರಗಿನ ತುದಿಗೆ ಒಂದು ಕಟ್ಟಿದೆ. ಅಣ್ಣ ಗಂಟು ಬಿಚ್ಚಿ ಉಳ್ಳಾಗಡ್ಡಿಯನ್ನು ಬುಟ್ಟಿಗೆ ಎಸೆದ.

"ಟಿವಿಯವ್ರು ಬರ್ತಾರ. ಬಿಸಲಿಗಿ ಅಂಜ್ಯಾರ ಅಂತಾರ."

ಅವ್ವ ಮಗನ ಮುಖ ನೋಡಿ, ಬಿಚ್ಚಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಾಯಕರು ಬರುವುದು ತಡವಾಯಿತು. ಕುಂಭ ಹೊತ್ತು ನಿಂತ ತಾಯಂದಿರ ಕಾಲ ಕೆಳಗೆ ಡಾಂಬರು ಕಾದು ಮೆತ್ತಗಾಗಿತ್ತು. ಕೊಡೆ ಹಿಡಿಯಲು ಹೋದ ನನ್ನನ್ನು ಕಾರ್ಯಕರ್ತರು ಹಿಂದಕ್ಕೆ ಸರಿಸಿದರು. ಕುಂಭ ಬಿದ್ದ ಸದ್ದಾಯಿತು, ಹಿಂದೆಯೇ ಅವ್ವ ಬಿದ್ದಳು.

ಓಡಿ ಬಂದ ಅಣ್ಣನ ಕೈ ಮೊದಲು ಹೋದದ್ದು ತನ್ನ ಕಿಸೆಗೆ. ಅಲ್ಲಿಂದ ಉಳ್ಳಾಗಡ್ಡಿ ತೆಗೆದು, ಕಲ್ಲಿನಿಂದ ಜಜ್ಜಿ, ಆಕೆಯ ಅಂಗಾಲಿಗೆ ತಿಕ್ಕತೊಡಗಿದ. ಬೇರೆ ದಿನವಾಗಿದ್ದರೆ ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನಗುತ್ತಿದ್ದೆ. ಅಂದು ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅವ್ವನ ತಲೆಗೆ ನೀರು ಸುರಿಯುತ್ತ ಕೂತೆ.

ಕಲಬುರಗಿಯ ಆಸ್ಪತ್ರೆಯಲ್ಲಿ ಸಂಜೆಗೆ ಆಕೆ ಕಣ್ಣು ಬಿಟ್ಟಳು. ಅಣ್ಣನ ಕೈಯನ್ನು ಮೂಗಿನ ಹತ್ತಿರ ಎಳೆದುಕೊಂಡಳು.

"ನಿನ್ನ ಕಿಸೇದಾಗ ಇತ್ತೇನೋ?"

ಅಣ್ಣ ತಲೆ ತಗ್ಗಿಸಿದ. "ಹ್ಞೂಂ, ಯವ್ವಾ."

"ಚಲೋ ಆಯ್ತು ಬಿಡು," ಎಂದಳು ಅವ್ವ. "ನೀ ಉಳ್ಳಾಗಡ್ಡಿ ಇಲ್ಲದ ಬಿಸಲಾಗ ಹೊಂಟೀ ಅಂತ ಮುಂಜಾನಿಂದ ನನಗ ಅದೇ ಚಿಂತಿ ಹತ್ತಿತ್ತು."