ಇಳಿಜಾರಿನ ಬುಡದ ಹೋಟೆಲ್

ಮನಾಲಿಗೆ ಹೋಗಿ ಹಿಮದಲ್ಲಿ ಸ್ಕೀಯಿಂಗ್ ಕಲಿಯಬೇಕೆಂಬುದು ನನ್ನ ತಂಗಿಯ ಬಹಳ ದಿನಗಳ ಆಸೆ. ಅವಳು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಗಂಡ ಮತ್ತು ಅತ್ತೆಯ ಜೊತೆ ಇದ್ದಳು. ಎರಡೂ ಮನೆಯವರು ಒಟ್ಟಿಗೆ ಹೋಗೋಣವೆಂದು ಮಾತಾಗಿ, ಹೋಟೆಲ್ ಗೊತ್ತುಮಾಡಲು ಒಂದು ಭಾನುವಾರ ನಾನೂ ನನ್ನ ಗಂಡನೂ ಶಿವಮೊಗ್ಗದ ಗೋಪಾಳದಿಂದ ಅವರ ಮನೆಗೆ ಹೋದೆವು.

ಊಟವಾದ ಮೇಲೆ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತೆವು. ತಂಗಿಯ ಗಂಡನಿಗೆ ಪೇಟೆಯ ನಡುವಿನ ದೊಡ್ಡ ಹೋಟೆಲೇ ಬೇಕಿತ್ತು. ಅಲ್ಲಿ ಬಾರ್ ಇತ್ತು. ತಂಗಿ ಹುಡುಕಿದ್ದು ಇಳಿಜಾರಿನ ಬುಡದಲ್ಲೇ ಇದ್ದ ಒಂದು ಸಣ್ಣ ಮರದ ಕಟ್ಟಡ. ಬೆಳಿಗ್ಗೆ ಬೂಟು ಹಾಕಿಕೊಂಡು ಬಾಗಿಲು ತೆಗೆದರೆ ನೇರ ಹಿಮವೇ ಎಂದಳು. ಕೋಣೆಯಲ್ಲಿ ಹೀಟರ್ ಇದೆಯೇ, ಸ್ಕೀ ಕಲಿಸುವವರು ಸಿಗುತ್ತಾರೆಯೇ, ಎಲ್ಲವನ್ನೂ ಫೋನ್ ಮಾಡಿ ವಿಚಾರಿಸಿದ್ದಳು.

"ಯಾರ ಹತ್ರ ಮಾತಾಡ್ದೆ?" ಎಂದು ಅವನು ಕೇಳಿದ.

ಹೋಟೆಲಿನ ಮ್ಯಾನೇಜರ್ ಹತ್ತಿರ ಎಂದಳು. ಎಷ್ಟು ಸಲ ಎಂದ. ಅವಳು ಉತ್ತರ ಮುಗಿಸುವ ಮೊದಲೇ ಅವನ ಕೈ ಅವಳ ಕಿವಿಯ ಮೇಲೆ ಬಿತ್ತು. ಕುರ್ಚಿ ಸಮೇತ ಉರುಳಿದಳು. ಏನಾಯಿತೆಂದು ನನಗೆ ತಿಳಿಯುವಷ್ಟರಲ್ಲಿ ಜಡೆ ಹಿಡಿದೆಳೆದು ಅವಳ ಮುಖವನ್ನು ಗೋಡೆಗೆ ಬಡಿದ. ಬಿಡಿಸಲು ಹೋದ ನನ್ನ ಗಂಡನ ಮೂಗಿಗೆ ಅವನ ಮೊಣಕೈ ತಗುಲಿ ಅಂಗಿಯೆಲ್ಲ ರಕ್ತವಾಯಿತು.

ಮೇಜಿನ ಮೇಲೆ ನೀರು ತುಂಬಿದ ತಾಮ್ರದ ಚೊಂಬಿತ್ತು. ಅದನ್ನೆತ್ತಿ ಅವನ ತಲೆಗೆ ಹೊಡೆದೆ. ಅವನು ನನ್ನ ಕಡೆ ತಿರುಗಿದ. ಮತ್ತೆ ಹೊಡೆದೆ. ಹುಬ್ಬು ಸೀಳಿ, ರಕ್ತ ಕಣ್ಣಿಗಿಳಿದು, ಅವನು ಕುಸಿದು ಕೂತ. ಇನ್ನೊಮ್ಮೆ ಎತ್ತಿದ ಕೈಯನ್ನು ನನ್ನ ಗಂಡ ಹಿಡಿದುಕೊಂಡರು. ಹಿಡಿಯದಿದ್ದರೆ ಅವನು ಸಾಯುತ್ತಿದ್ದನೇನೋ. ಆ ಗಳಿಗೆಯಲ್ಲಿ ನನಗೂ ಅದೇ ಬೇಕಾಗಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಮಗನ ಹತ್ತಿರ ಹೋಗಲಿಲ್ಲ. ಸೊಸೆಯನ್ನು ಎಬ್ಬಿಸಿ, ಸೆರಗಿನಿಂದ ಅವಳ ಬಾಯಿ ಒರೆಸಿದರು.

"ಕರ್ಕೊಂಡು ಹೋಗಮ್ಮ," ಎಂದರು ನನಗೆ. "ಇದು ಇವತ್ತು ಶುರುವಾಗಿದ್ದಲ್ಲ. ಅಡ್ಡ ಹೋದ್ರೆ ನಂಗೂ ಬೀಳುತ್ತೆ."

ತಂಗಿಯ ಕಿವಿಯ ತಮಟೆ ಹರಿದಿತ್ತು, ಕೆನ್ನೆಯ ಮೂಳೆ ಬಿರುಕು ಬಿಟ್ಟಿತ್ತು. ಪೊಲೀಸರಿಗೆ ದೂರು ಕೊಟ್ಟೆವು. ನನ್ನ ಮೇಲೆ ಅವನೂ ಕೊಟ್ಟ. ಅವನ ತಾಯಿ ಸ್ಟೇಷನ್ನಿಗೆ ಬಂದು, ಕಂಡದ್ದನ್ನು ಕಂಡಂತೆ ಹೇಳಿದರು. ಆಮೇಲೊಂದು ಸಂಜೆ ಅವನು ಗೋಪಾಳಕ್ಕೆ ಬಂದು ಕಲ್ಲು ಹೊಡೆದು ನಮ್ಮ ಮನೆಯ ಕಿಟಕಿ ಒಡೆದ. ಬೀದಿಯವರು ಹಿಡಿದು, ಚೆನ್ನಾಗಿ ಬಾರಿಸಿ ಪೊಲೀಸರಿಗೆ ಒಪ್ಪಿಸಿದರು. ಕೇಸುಗಳು ಇನ್ನೂ ನಡೆಯುತ್ತಿವೆ.

ಕಿವಿ ವಾಸಿಯಾದ ಮೇಲೆ ಒಂದು ದಿನ ತಂಗಿ ತಾನಾಗಿಯೇ ಹೇಳಿದಳು: "ಅಕ್ಕ, ಆ ಹೋಟೆಲೇ ಬುಕ್ ಮಾಡ್ತೀನಿ. ನಾವಿಬ್ರೇ ಹೋಗೋಣ."

ಹೋದೆವು. ಮೊದಲ ದಿನ ಹಿಮದಲ್ಲಿ ಬಿದ್ದೂ ಬಿದ್ದೂ ಅವಳ ಮೊಣಕಾಲು ಕಪ್ಪಾಯಿತು. ಸಂಜೆ ಯಾರೋ ಕೋಣೆಯ ಬಾಗಿಲನ್ನು ಜೋರಾಗಿ ಬಡಿದರು. ನಾನು ಎದ್ದು ನೋಡುವಷ್ಟರಲ್ಲಿ ತಂಗಿ ಸ್ಕೀ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಚೂಪು ತುದಿಯನ್ನು ಎದುರಿಗೆ ಚಾಚಿ, ಬಾಗಿಲ ಹಿಂದೆ ನಿಂತಿದ್ದಳು. ಅವಳನ್ನು ಪಕ್ಕಕ್ಕೆ ಸರಿಸಿ ಬಾಗಿಲು ತೆಗೆದೆ. ಹಾಸಿಗೆಗೆ ಬಿಸಿನೀರಿನ ಚೀಲ ತಂದ ಅಡುಗೆಯ ಹೆಂಗಸು. ಕೋಲು ಕಂಡು ಅವರು ಹಿಂದೆ ಸರಿದರು.

ತಂಗಿ ಕೋಲನ್ನು ಕೈಬಿಡದೆ ಮಂಚದ ಮೇಲೆ ಕೂತಳು. ಬಿಸಿಚೀಲವನ್ನು ಅವಳ ಮೊಣಕಾಲ ಮೇಲಿಟ್ಟೆ. ನಾಳೆ ಹೋಗುವುದು ಬೇಡ ಎಂದೆ. ಅವಳು ಒಪ್ಪಲಿಲ್ಲ. ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಬೂಟಿನ ಪಟ್ಟಿ ಬಿಗಿಯುತ್ತಿದ್ದಳು.